ಬುಧ ಗ್ರಹದ ಕಂಸಾಳೆ

ನಮ್ಮ ಶಾಲೆಯ ಗಣಿತದ ಮೇಡಂ ಪುಷ್ಪ ಮಾತಿಗೆ ಕೂತರೆ ಎದುರಿನವರ ಟೀ ಆರುವುದು ಖಂಡಿತ. ನಾನು ಕನ್ನಡ ಮೇಷ್ಟ್ರು, ಗಣಿತ ಎಂದರೆ ಮೈಲು ದೂರ. ಆದರೂ ಅವರಿಂದ ಕೇಳಿ ಕೇಳಿ ಪಿಥಾಗೊರಸ್ ಎಂಬ ಗ್ರೀಕನ ಕಥೆ ನನಗೆ ಬಾಯಿಪಾಠವಾಗಿದೆ. ತಂತಿಯನ್ನು ಅರ್ಧಕ್ಕೆ ಒತ್ತಿ ಮೀಟಿದರೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ನುಡಿಯುತ್ತದೆ. ಅಳತೆಯಿಂದ ಸಂಗೀತ ಹುಟ್ಟುವುದಾದರೆ ಆಕಾಶವೂ ಹಾಡುತ್ತಿರಬೇಕು ಎಂದು ಅವನ ಕಡೆಯವರು ನಂಬಿದ್ದರಂತೆ. ಎರಡು ಸಾವಿರ ವರ್ಷದ ಮೇಲೆ ಕೆಪ್ಲರ್ ಎಂಬ ಜರ್ಮನ್ ಖಗೋಳಜ್ಞ ಬಂದ. ಗ್ರಹಗಳ ದಾರಿಗಳ ನಡುವೆ ಘನಾಕೃತಿಗಳನ್ನು ಕೂರಿಸಲು ಹೋಗಿ ಕೈಸುಟ್ಟುಕೊಂಡ. ಆಮೇಲೆ ವೇಗ ಲೆಕ್ಕಹಾಕಿ ಒಂದೊಂದು ಗ್ರಹಕ್ಕೂ ಒಂದೊಂದು ಸ್ವರಮಾಲೆ ಬರೆದ. ಸೂರ್ಯನ ಹತ್ತಿರದ ಬುಧ ಚುರುಕು, ದೂರದ ಶನಿ ನಿಧಾನ. ಈ ಹಾಡು ಕೇಳುವುದು ಬುದ್ಧಿಗೆ, ಕಿವಿಗಲ್ಲ ಎಂದೂ ಅವನೇ ಹೇಳಿದ್ದನಂತೆ.

ಪುಷ್ಪ ಅದನ್ನು ಕಿವಿಗೇ ಕೇಳಿಸಲು ಹೊರಟರು. ವಿಜ್ಞಾನ ದಿನಕ್ಕೆ ಮುಳ್ಳೂರಿನಿಂದ ತಮ್ಮ ತಂದೆ ಕೆಂಪಮಾದಯ್ಯನವರ ಕಂಸಾಳೆ ಮೇಳವನ್ನೇ ಕರೆಸಿದರು. ಮಲೆ ಮಾದಪ್ಪನ ಹಾಡಿಗೆ ಕಂಸಾಳೆಯ ಕಂಚಿನ ತಾಳ ಹಿಡಿದರೆಂದರೆ ಆ ಯಜಮಾನರಿಗೆ ವಯಸ್ಸೇ ಮರೆತುಹೋಗುತ್ತದೆ. ಆದರೆ ಅವರ ಮೇಳದಲ್ಲಿ ಹೆಣ್ಣುಮಕ್ಕಳಿಗೆ ಜಾಗವಿರಲಿಲ್ಲ. ಪುಷ್ಪ ಚಿಕ್ಕಂದಿನಲ್ಲಿ ಅಡುಗೆಮನೆಯ ತಟ್ಟೆ ಬಡಿದು ಬೈಸಿಕೊಂಡವರು.

"ಆ ಆಸೆ ಇನ್ನೂವೆ ಓಗಿಲ್ಲ ಸಾ. ಅಪ್ಪ ಒಂದ್ಸಲ ಕೈಗೆ ಕೊಟ್ರೆ ಸಾಕು" ಎಂದು ಒಮ್ಮೆ ನನ್ನೆದುರು ಅಂದಿದ್ದರು.

ಹಿಂದಿನ ದಿನ ಮೈದಾನದಲ್ಲಿ ಅಭ್ಯಾಸ. ನಡುವೆ ಸೂರ್ಯನೆಂದು ಒಂದು ಹಿತ್ತಾಳೆ ಕೊಡ, ಸುತ್ತ ಸುಣ್ಣದ ಎರಡು ವೃತ್ತ. ಹೊರಗಿನದರಲ್ಲಿ ನಿಧಾನ ತಾಳದ ಶನಿಯಾಗಿ ಕೆಂಪಮಾದಯ್ಯ, ಒಳಗಿನದರಲ್ಲಿ ಚುರುಕು ತಾಳದ ಬುಧನಾಗಿ ಅವರ ಶಿಷ್ಯ ದೇವರಾಜು. ದೇವರಾಜು ಬಾಣದಂತೆ ಹೊರಟ. ಅರ್ಧ ಸುತ್ತು ಮುಗಿಯುವಷ್ಟರಲ್ಲಿ ಅವನ ಕೈ ಗುರುವಿನ ತಾಳಕ್ಕೆ ಇಳಿದಿತ್ತು, ಕಾಲೂ ಇಳಿದಿತ್ತು. ಮತ್ತೆ ಮಾಡಿಸಿದರೂ ಅದೇ. ಕಿವಿಗೆ ಹತ್ತಿ ಇಡಿ ಎಂದು ನಾನು ಬುದ್ಧಿವಂತಿಕೆ ತೋರಿಸಿದೆ. ಇಟ್ಟರೂ ಬುಧ ಶನಿಯ ಜೊತೆಗೇ ಮೆರವಣಿಗೆ ಹೊರಟ.

ಪಾಪ, ಅವನದೇನು ತಪ್ಪು? ಗುರುವಿನ ತಾಳ ಬಿಟ್ಟರೆ ಅಪಚಾರ ಎಂದು ಕಲಿತ ಕೈ ಅದು. ಮೇಳದ ಯಾರನ್ನು ನಿಲ್ಲಿಸಿದರೂ ಹಾಗೇ ಆಯಿತು. ಹೆಡ್‌ಮಾಸ್ಟರು ಈ ಕಾರ್ಯಕ್ರಮ ಬಿಟ್ಟುಬಿಡೋಣ ಎಂದರು. ಪುಷ್ಪ ಮುಖ ಚಿಕ್ಕದು ಮಾಡಿಕೊಂಡು ಸುಣ್ಣದ ಗೆರೆಯನ್ನೇ ನೋಡುತ್ತ ನಿಂತರು.

ಎಂಥವರು ಬೇಕು ಎಂದು ಕೆಂಪಮಾದಯ್ಯ ಕೇಳಿದರು. ನಿನ್ನ ತಾಳಕ್ಕೆ ಬಗ್ಗದವರು ಬೇಕಪ್ಪ ಎಂದರು ಮಗಳು.

ಯಜಮಾನರು ರುಮಾಲು ಸರಿಮಾಡಿಕೊಂಡರು. ದೇವರಾಜುವಿನ ಕಂಸಾಳೆ ಈಸಿಕೊಂಡು ತಂದು ಮಗಳ ಕೈಗಿಟ್ಟರು.

"ಉಟ್ದಾಗಿಂದ ನನ್ ತಾಳಕ್ಕೆ ಬರ್ದೆ ಇರೋಳು ನೀನೊಬ್ಳೆ ಕಣವ್ವ. ಇಡ್ಕೊ ಮಗಾ."

ಮೇಳದವರೆಲ್ಲ ನಕ್ಕರು. ಪುಷ್ಪ ನಗಲಿಲ್ಲ, ಕಣ್ಣು ಒರೆಸಿಕೊಂಡು ಸೆರಗು ಸಿಕ್ಕಿಸಿದರು.

ಮಾರನೆಯ ದಿನ ಶನಿ ಒಂದು ಸುತ್ತು ಮುಗಿಸುವುದರೊಳಗೆ ನಮ್ಮ ಬುಧ ಎಷ್ಟು ಸುತ್ತು ಹೊಡೆದರೋ, ಎಣಿಸುತ್ತಿದ್ದ ಮಕ್ಕಳೇ ಲೆಕ್ಕ ತಪ್ಪಿದರು. ಬಳೆಯೂ ಕಂಸಾಳೆಯೂ ಒಟ್ಟಿಗೆ ಸದ್ದು ಮಾಡುತ್ತಿದ್ದವು. ನನಗಂತೂ ಇಷ್ಟು ಸಂತೋಷವಾಗಿದ್ದು ನೆನಪಿಲ್ಲ.

ಎಲ್ಲ ಮುಗಿದ ಮೇಲೆ ಪುಷ್ಪ ಕಂಸಾಳೆಯನ್ನು ಸೆರಗಿನಿಂದ ಒರೆಸಿ ತಂದೆಯ ಮುಂದೆ ಹಿಡಿದರು. ಅವರು ಕೈ ಚಾಚಲಿಲ್ಲ.

"ಸ್ವಾಮಾರ ಸಂಜೆ ಮೇಳ ಕೂಡ್ತದೆ, ಬಂದ್ಬುಡು. ಇನ್ನ ನನ್ ತಾಳನೂ ಕಲೀಬೇಕಲ್ಲ ನೀನು."