ಜಿಂಕೆಯ ಮುಖ ಯಾವ ಕಡೆ

ನಮ್ಮ ಶಿಡ್ಲಘಟ್ಟದ ಮನೆಯ ಹಜಾರದ ಛಾವಣಿಯ ತುಂಬ ಪರ್ಷಿಯಾ ಶೈಲಿಯ ಚಿತ್ತಾರವಿತ್ತು: ಹೂಬಳ್ಳಿ, ಗಿಳಿ, ಬಲಕ್ಕೆ ಓಡುವ ಜಿಂಕೆ, ಅದರ ಬೆನ್ನಟ್ಟಿದ ಚಿರತೆ. ತೊಂಬತ್ತರ ಆಸುಪಾಸಿನ ಒಂದು ಮಳೆಗೆ ಗಾರೆ ಕಳಚಿ ಜಿಂಕೆಯ ತಲೆ ಉದುರಿಹೋಯಿತು. ಅದನ್ನು ಸರಿಮಾಡಲು ಚಿಂತಾಮಣಿಯಿಂದ ಬಂದವರು ಒಬ್ಬ ಮುದುಕ ಚಿತ್ರಗಾರರು.

ಕೆಲಸಕ್ಕೆಂದು ಕಟ್ಟಿದ ಬಿದಿರಿನ ಅಟ್ಟಣಿಗೆ ಹತ್ತುವ ಮುನ್ನ ದಿನವೂ ಚಾಪೆಯ ಮೇಲೆ ಅಂಗಾತ ಮಲಗಿ ಮೇಲೆ ನೋಡುತ್ತಿದ್ದರು. "ನೋಡೋರು ಕೆಳಗಿರ್ತಾರೆ ಕಣಮ್ಮ, ಅವರನ್ನ ಕೇಳ್ಬೇಕು" ಎನ್ನುತ್ತಿದ್ದರು. ಕುಂಚ ಒರೆಸಿ ಒರೆಸಿ ಅವರ ಎಡಗೈಯೆಲ್ಲ ಬಣ್ಣವಾಗಿರುತ್ತಿತ್ತು.

ಕೆಳಗಿದ್ದವರು ನಮ್ಮಪ್ಪ. ಲಕ್ವ ಹೊಡೆದು, ಮಾತು ನಿಂತು, ವರ್ಷದಿಂದ ಆ ಹಜಾರದ ಮಂಚದಲ್ಲೇ ಇದ್ದರು. ನಾವು ಅವರನ್ನು ಏನಾದರೂ ಕೇಳುವುದನ್ನೇ ಬಿಟ್ಟಿದ್ದೆವು. ಚಿತ್ರಗಾರರು ಪಕ್ಕದಲ್ಲಿ ಕೂತು ಕೇಳಿದರು: "ಯಜಮಾನ್ರೇ, ಜಿಂಕೆ ಮುಖ ಯಾವ ಕಡೆ ಇತ್ತು?"

ನಮಗ್ಯಾರಿಗೂ ಅದು ನೆನಪಿರಲಿಲ್ಲ. ಅಪ್ಪ ನಿಧಾನವಾಗಿ ಕತ್ತನ್ನು ಎಡಕ್ಕೆ ಹೊರಳಿಸಿದರು. ಓಡುತ್ತಲೇ ಚಿರತೆಯ ಕಡೆಗೆ ತಿರುಗಿ ನೋಡುವ ಜಿಂಕೆ ಛಾವಣಿಯಲ್ಲಿ ಮೂಡಿತು.

ಅಪ್ಪ ಹೋದ ಮೇಲೆ ಹಜಾರದಲ್ಲಿ ತೆಗೆದ ಹಳೆಯ ಫೋಟೋ ಒಂದು ಸಿಕ್ಕಿತು. ಅದರಲ್ಲಿ ಜಿಂಕೆಯ ಮುಖ ಮುಂದಕ್ಕೇ ಇತ್ತು. ಆಗ ಹೊಳೆಯಿತು, ಅಪ್ಪನ ಕತ್ತು ಹೊರಳುತ್ತಿದ್ದದ್ದೇ ಎಡಕ್ಕೆ ಮಾತ್ರ.

ಚಿಂತಾಮಣಿಗೆ ಹೋಗಿ ಚಿತ್ರಗಾರರಿಗೆ ಫೋಟೋ ತೋರಿಸಿದೆ. "ಬಲಗಡೆ ಮೂತಿಯ ತುದಿ ಒಂಚೂರು ಉಳಿದಿತ್ತಮ್ಮ. ನಂಗೆ ಆಗ್ಲೇ ಗೊತ್ತಿತ್ತು" ಎಂದು ಫೋಟೋ ಹಿಂದಕ್ಕೆ ಕೊಟ್ಟರು. "ಕೇಳಿದ್ಮೇಲೆ ಅವರು ಹೇಳಿದ್ದನ್ನ ಬರೀಬೇಕಲ್ವಾ?"