ಕಲಗಚ್ಚು ಕುಡಿದ ಲಾನು

ಹುಲ್ಲಿಗೆ ನೀರು ಹಾಕುವ ಮನುಷ್ಯ ನಾನಾಗುತ್ತೇನೆಂದು ಕನಸಿನಲ್ಲೂ ಎಣಿಸಿರಲಿಲ್ಲ. ನಮ್ಮದು ಕುಪ್ಪಗಡ್ಡೆ ಕಡೆಯ ಗದ್ದೆ ಮಾಡುವ ಮನೆತನ. ಹುಲ್ಲು ಎಂದರೆ ಬಗ್ಗಿ ಕಿತ್ತು ಬದುವಿನ ಮೇಲೆ ಎಸೆಯುವ ವಸ್ತು ಎಂದೇ ತಿಳಿದು ಬೆಳೆದವನು. ಹಾಗಿದ್ದೂ ಶಿಕಾರಿಪುರದ ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿದಾಗ, ಮುಂದೆ ಒಂದು ಲಾನು ಇಲ್ಲದಿದ್ದರೆ ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರ ಮನೆಗೂ ರೇಷನ್ ಅಂಗಡಿಗೂ ಏನು ವ್ಯತ್ಯಾಸ ಎನ್ನಿಸಿತು. ಶಿವಮೊಗ್ಗದಿಂದ ಹುಲ್ಲನ್ನು ಚಾಪೆಯಂತೆ ಸುರುಳಿ ಸುತ್ತಿಸಿ, ಬಾಡಿಗೆ ಗಾಡಿಯಲ್ಲಿ ತರಿಸಿ ಹಾಸಿದೆ.

ಅಪ್ಪ ಊರಿನಿಂದ ಬಂದವನು ಅದರ ಸುತ್ತ ನಿಧಾನವಾಗಿ ಒಂದು ಸುತ್ತು ಹಾಕಿದ. "ಚೆನ್ನಾಗೈತಿ. ಯಾವಾಗ ಕೊಯ್ತೀಯ?" ಎಂದು ಕೇಳಿದ. ಕೊಯ್ಯುತ್ತಿರುತ್ತೇನೆ, ಆದರೆ ಯಾವುದಕ್ಕೂ ಅಲ್ಲ ಎಂದೆ. ದನಕ್ಕೋ? ದನ ಇಲ್ಲ. ಹೋಗಲಿ, ಕೂರೋಕೋ? ಕೂತರೆ ಹಾಳಾಗುತ್ತದೆ. ಇವನಿಗೆ ಸರ್ಕಾರದ ಸಂಬಳ ಸಿಕ್ಕಿದ್ದು ಎಷ್ಟು ಒಳ್ಳೆಯದಾಯಿತು ಎಂಬ ಸಮಾಧಾನ ಅಪ್ಪನ ಮುಖದಲ್ಲಿ ಕಂಡಿತು.

ಬೇಸಿಗೆ ಬಂತು. ನಲ್ಲಿ ನೀರು ದಿನ ಬಿಟ್ಟು ದಿನ ಬರತೊಡಗಿ, ಆಮೇಲೆ ಅದೂ ಅನುಮಾನವಾಯಿತು. ಅದೇ ಹೊತ್ತಿಗೆ ಬಡಾವಣೆಯವರು ನೀರು ಉಳಿತಾಯ ಸಮಿತಿ ಎಂದೊಂದನ್ನು ಮಾಡಿ, ವಿಜ್ಞಾನದ ಮೇಷ್ಟ್ರು ಎಂಬ ಒಂದೇ ಕಾರಣಕ್ಕೆ ನನ್ನನ್ನು ಅಧ್ಯಕ್ಷನನ್ನಾಗಿ ಕೂರಿಸಿದರು. ಇಲ್ಲಿ ನನ್ನ ಸಂಕಟವನ್ನು ನೀವು ಅರ್ಥ ಮಾಡಿಕೊಳ್ಳಬೇಕು. ಅಧ್ಯಕ್ಷನ ಲಾನು ಹಸಿರಾಗಿದ್ದರೆ ನೀರು ಪೋಲು ಮಾಡುತ್ತಾನೆ ಎನ್ನುತ್ತಾರೆ. ಒಣಗಿದರೆ, ಇವನ ವಿದ್ಯೆ ಇಷ್ಟೇ ಎನ್ನುತ್ತಾರೆ. ಆಗ ಪತ್ರಿಕೆಯ ಪುರವಣಿಯೊಂದರಲ್ಲಿ ದಾರಿ ಸಿಕ್ಕಿತು. ಅಡುಗೆಮನೆಯ ವ್ಯರ್ಥ ನೀರನ್ನು ಕೈತೋಟಕ್ಕೆ ಬಳಸಿರಿ ಎಂದು ಅದರಲ್ಲಿ ಬರೆದಿತ್ತು.

ಬರೆದವರಿಗೆ ನಮ್ಮ ಕಡೆಯ ಅಡುಗೆಮನೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಆದರೂ ಓದಿದ ಮೇಲೆ ಮರೆತೆ. ನಮ್ಮಲ್ಲಿ ವ್ಯರ್ಥ ನೀರು ಎಂಬುದು ಎಲ್ಲಿತ್ತು? ಬಚ್ಚಲಿನ ನೀರು ಹಿತ್ತಲ ಬಾಳೆಗೆ, ಕೆಸುವಿನ ಬುಡಕ್ಕೆ. ಅಕ್ಕಿ ತೊಳೆದದ್ದು, ಮಿಕ್ಕ ಗಂಜಿ, ತರಕಾರಿ ಸಿಪ್ಪೆ ಎಲ್ಲ ಒಂದು ಬಕೆಟ್ಟಿಗೆ ಬಿದ್ದು ಕಲಗಚ್ಚಾಗುತ್ತದೆ. ಕಲಗಚ್ಚು ಹಸುವಿನದು. ಮನೆಯಲ್ಲಿ ಹಸು ಇಲ್ಲದಿದ್ದರೆ ಹತ್ತಿರದ ಮನೆಯ ಹಸುವಿನದು. ಈ ಕಾನೂನನ್ನು ಯಾರೂ ಬರೆದಿಟ್ಟಿಲ್ಲ, ಹಾಗಾಗಿಯೇ ಯಾರೂ ಮುರಿಯುವುದಿಲ್ಲ.

ನಮ್ಮ ಬಕೆಟ್ಟು ಬಡಾವಣೆಯ ಹಿಂದಿನ ಹಳೇ ಕೇರಿಯ ಗೌರಮ್ಮನವರ ಹಸು ಕೆಂಪಿಗೆ ಸೇರಿದ್ದು. ಗೌರಮ್ಮ ದಿನಾ ಸಂಜೆ ಬರುತ್ತಿದ್ದರು. ಬಕೆಟ್ ಎತ್ತಲು ಒಂದು ಕ್ಷಣ ಸಾಕು. ಆದರೆ ನನ್ನ ಹೆಂಡತಿ ಶಾರದೆಯ ಜೊತೆ ಮೆಟ್ಟಿಲ ಮೇಲೆ ಕೂತರೆ ಹೊತ್ತು ಮುಳುಗಿದ್ದು ಇಬ್ಬರಿಗೂ ಗೊತ್ತಾಗುತ್ತಿರಲಿಲ್ಲ. ಆನವಟ್ಟಿಯ ತುಂಬಿದ ಓಣಿಯಲ್ಲಿ ಬೆಳೆದ ಶಾರದೆಗೆ, ಎಲ್ಲರೂ ಗೇಟು ಹಾಕಿಕೊಂಡು ಕೂರುವ ಈ ಬಡಾವಣೆಯಲ್ಲಿ ಇದ್ದ ಗೆಳತಿ ಅವರೊಬ್ಬರೇ. ವಿಜ್ಞಾನಿಯಾದ ನನ್ನ ಕಣ್ಣಿಗೆ ಬಿದ್ದದ್ದು ಬಕೆಟ್ಟು ಮಾತ್ರ.

"ಇನ್ನು ಮೇಲೆ ಇದು ಲಾನಿಗೆ" ಎಂದು ಘೋಷಿಸಿದೆ.

"ರೀ, ಅದು ಗೌರಮ್ಮಂದು" ಎಂದಳು ಶಾರದೆ.

"ನೀರು ನಮ್ಮ ನಲ್ಲಿಯದು" ಎಂದೆ. ವಾದದಲ್ಲಿ ನಾನು ಸೋತದ್ದು ಕಡಿಮೆ.

ಗೌರಮ್ಮ ಬಂದು ಖಾಲಿ ಬಕೆಟ್ ನೋಡಿ, "ಇರ್ಲಿ ಬಿಡ್ರಿ" ಎಂದು ಹೊರಟರು. ಮತ್ತೊಂದು ದಿನವೂ ಹಾಗೇ ಆಯಿತು. ಆಮೇಲೆ ಬರುವುದನ್ನೇ ಬಿಟ್ಟರು. ಲಾನಿನ ಕಥೆ ಕೇಳಬೇಡಿ. ಅನ್ನದ ಅಗುಳಿಗೆ ಇರುವೆ ಬಂತು, ಬೇಳೆಗೆ ಕಾಗೆ ಬಂತು, ಇಲಿಯೂ ಬಂತು. ಸಾರಿನ ಉಪ್ಪು ತಾಗಿದ ಕಡೆಯಲ್ಲೆಲ್ಲ ಹುಲ್ಲು ಹಳದಿಯಾಯಿತು. ಇಷ್ಟಾದರೂ ಎಷ್ಟು ನೀರು ಉಳಿಯಿತು ಎಂದು ಸಮಿತಿಯಲ್ಲಿ ಭಾಷಣ ಮಾಡಿ ಚಪ್ಪಾಳೆ ತಟ್ಟಿಸಿಕೊಂಡೆ.

ಚಪ್ಪಾಳೆ ಕೇಳಿಸಿಕೊಂಡು ಮನೆಗೆ ಬಂದರೆ ಶಾರದೆ ಮೆಟ್ಟಿಲ ಮೇಲೆ ಒಬ್ಬಳೇ ಕೂತು ಗೇಟಿನ ಕಡೆ ನೋಡುತ್ತಿದ್ದಳು. ಏನಾಯಿತು ಎಂದೆ.

"ಇನ್ಮೇಲೆ ಆ ಹುಲ್ಲಿನ ಹತ್ರಾನೇ ಮಾತಾಡ್ಲೇನ್ರೀ ನಾನು?" ಎಂದಳು.

ಜಗಳವಾಡಿದ್ದರೆ ಉತ್ತರ ಕೊಡುತ್ತಿದ್ದೆ. ಅವಳು ನಿಜವಾಗಿಯೇ ಕೇಳುತ್ತಿದ್ದಳು. ನನಗೆ ತುಂಬಾ ಪಿಚ್ಚೆನಿಸಿತು, ಹೆದರಿಕೆಯೂ ಆಯಿತು. ಬೇಸಿಗೆ ಇನ್ನೂ ಬಹಳ ಉಳಿದಿತ್ತು.

ಮರುದಿನ ಸಂಜೆ ಕಲಗಚ್ಚಿನ ಬಕೆಟ್ ಹಿಡಿದು ನಾನೇ ಹೊರಟೆ. ಎದುರಾದ ಸಮಿತಿಯ ಸದಸ್ಯರೊಬ್ಬರು, "ಏನ್ ಸಾರ್, ಹೊಸ ಪ್ರಯೋಗಾನಾ?" ಎಂದು ಭಕ್ತಿಯಿಂದ ಕೇಳಿದರು. ಹೌದು ಎಂದೆ.

ಗೌರಮ್ಮ ಕೊಟ್ಟಿಗೆಯ ಮುಂದೆ ನಿಂತು ನನ್ನನ್ನೂ ಬಕೆಟ್ಟನ್ನೂ ನೋಡಿದರು. "ಇಷ್ಟು ದಿನ ಹುಲ್ಲಿಗೆ ಹಾಕಿದ್ರಲ್ಲ ಮೇಷ್ಟ್ರೇ, ಹಾಲು ಕೊಡ್ತೇನ್ರಿ ಅದು?"

ನಾನು ಬಕೆಟ್ಟನ್ನು ಕೆಂಪಿಯ ಮುಂದೆ ಇಳಿಸಿದೆ. ಕೆಂಪಿ ಮಾತ್ರ ಹಳೆಯದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳದೆ ಬಕೆಟ್ಟಿಗೆ ಮುಖ ಹಾಕಿತು. ಅದು ಕುಡಿದು ಮುಗಿಸಿದ ಮೇಲೆ ಗೌರಮ್ಮ ಬಕೆಟ್ ತೊಳೆದು, ಬರಿದಾಗಿ ಕೊಡಬಾರದೆಂದು ಅದರ ತುಂಬ ಸಗಣಿ ಗೊಬ್ಬರ ತುಂಬಿದರು. "ಒಣಗಿದ್ರೆ ಒಣಗ್ಲಿ ಬಿಡ್ರಿ. ಇದನ್ನ ಹಾಕಿ ಸುಮ್ನಿರ್ರಿ. ಮಳಿ ಬಿದ್ಮೇಲೆ ಎಷ್ಟು ಬೆಳಿತೈತಿ ಅಂದ್ರೆ, ಕೀಳಾಕೆ ಆಳು ಹುಡುಕ್ತೀರಿ."

ಅಧ್ಯಕ್ಷನು ಸಗಣಿಯ ಬಕೆಟ್ ಹೊತ್ತು ಇಡೀ ಬಡಾವಣೆ ದಾಟಿ ಮನೆಗೆ ಬಂದ. ಬಾಗಿಲಲ್ಲೇ ನಿಂತಿದ್ದ ಶಾರದೆ ಬಕೆಟ್ಟಿನಲ್ಲಿ ಏನಿದೆ ಎಂದು ನೋಡಲೂ ಇಲ್ಲ.

"ಏನಂದ್ರು?"

"ನಾಳೆಯಿಂದ ನೀವು ತರೋದು ಬೇಡ, ನಾನೇ ಬರ್ತೀನಿ ಅಂದ್ರು."

ಅವಳು ಒಳಗೆ ಹೋಗಿ ರಾತ್ರಿಯ ಅನ್ನಕ್ಕೆ ಅಕ್ಕಿ ತೊಳೆಯತೊಡಗಿದಳು. ಎಂದಿಗಿಂತ ಒಂದು ಚೊಂಬು ನೀರು ಹೆಚ್ಚಿಗೆ ಸುರಿದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ನೀರು ಉಳಿತಾಯ ಸಮಿತಿಯ ಅಧ್ಯಕ್ಷ ಅದು ಕೇಳಿಸದವನಂತೆ ಸಗಣಿ ಹರಡಲು ಲಾನಿಗೆ ಇಳಿದ.