ಒಂದೇ ಸಲ ಹಾಕುವ ನೀರು

ಸ್ವಲ್ಪ ತಾಳಿ. ನಮ್ಮಕ್ಕನ ಅತ್ತೆ ಇಡೀ ಚರ್ಚಿನ ಮುಂದೆ ಹೇಳಿದ ಒಂದು ಮಾತಿದೆ, ಅದಕ್ಕೋಸ್ಕರವೇ ಇಷ್ಟೆಲ್ಲ ಬರೆಯುತ್ತಿದ್ದೇನೆ. ಅಲ್ಲಿಗೆ ಹೋಗುವ ಮುಂಚೆ ನಮ್ಮಮ್ಮ ಯಾರು ಅಂತ ನಿಮಗೆ ಗೊತ್ತಾಗಬೇಕು.

ಎಂಬತ್ತರ ದಶಕ. ಮನೆ ಮಹಾಲಕ್ಷ್ಮಿ ಲೇಔಟ್‌ನಲ್ಲಿ. ಅಮ್ಮ ರಾಜಾಜಿನಗರದ ಒಂದು ಸಣ್ಣ ಹೆರಿಗೆ ಆಸ್ಪತ್ರೆಯಲ್ಲಿ ನರ್ಸು. ಬೀದಿಯವರಿಗೆಲ್ಲ ಅವಳು ನರ್ಸಮ್ಮ. ಬೆಳಿಗ್ಗೆ ಮೊದಲ ಪೂಜೆಗೆ ಚರ್ಚಿಗೆ ಹೋಗಿ, ಅಲ್ಲಿಂದ ಹಾಗೇ ಡ್ಯೂಟಿಗೆ ಹೋಗುತ್ತಿದ್ದಳು. ಸಂಜೆ ವಾಪಸ್ ಬಂದರೆ ಲಗ್ಗೆರೆ ಕಡೆಯ ಯಾರಾದರೂ ಬಸುರಿ ಹೆಂಗಸು ಕಾಲಿನ ಊತ ತೋರಿಸೋಕೆ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಆ ಕಾಲನ್ನು ಬೆರಳಲ್ಲಿ ಒತ್ತಿ ನೋಡುತ್ತಲೇ ಅಮ್ಮ ಒಳಗಿದ್ದ ನಮಗೆ ಅಕ್ಕಿ ತೊಳೆದಿಡಿ ಎನ್ನುತ್ತಿದ್ದಳು.

ಶನಿವಾರ ಗಂಜಿಯ ದಿನ. ಚರ್ಚಿನ ಪೀಠದ ಬಟ್ಟೆ ಒಗೆದು ಇಸ್ತ್ರಿ ಮಾಡುವುದು ಅಮ್ಮನ ಪಾಲಿನ ಸೇವೆ. ಒಂದೇ ಪಾತ್ರೆಯ ಗಂಜಿಯಲ್ಲಿ ಮೊದಲು ಪೀಠದ ಬಟ್ಟೆ, ಆಮೇಲೆ ತನ್ನ ನರ್ಸ್ ಕ್ಯಾಪು. ಈ ಕ್ರಮ ತಪ್ಪಿದ್ದನ್ನು ನಾನು ನೋಡಿದ್ದು ಒಂದೇ ಸಲ. ಅದಕ್ಕೂ ಬರುತ್ತೇನೆ.

ಅಕ್ಕನಿಗೆ ಏಳು ತಿಂಗಳು ತುಂಬಿದ್ದಷ್ಟೇ, ಒಂದು ಮಧ್ಯಾಹ್ನ ನೋವು ಶುರುವಾಯಿತು. ಅಮ್ಮನ ಆಸ್ಪತ್ರೆಗೇ ಕರೆದುಕೊಂಡು ಹೋದೆವು. ಭಾವನ ಮನೆ ಕೆಂಗೇರಿಯಲ್ಲಿ. ಅಲ್ಲಿ ಫೋನಿದ್ದದ್ದು ಮೂಲೆಯ ಅಂಗಡಿಯಲ್ಲಿ. ಸುದ್ದಿ ಮುಟ್ಟಿ, ಬಸ್ ಬದಲಿಸಿ ಅವರು ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಬಾಗಿಲ ಹೊರಗೆ ನಿಂತಿದ್ದ ನನಗೆ ಮಗುವಿನ ಅಳು ಕೇಳಲೇ ಇಲ್ಲ. ಎಷ್ಟೋ ಹೊತ್ತಾದ ಮೇಲೆ ಬೆಕ್ಕಿನ ಮರಿ ಥರ ಒಂದು ಸದ್ದು. ಡಾಕ್ಟರು ಹತ್ತಿಯಲ್ಲಿ ಸುತ್ತಿದ ಮಗುವನ್ನು ಎದೆಗವಚಿಕೊಂಡು ಕಾರು ಹತ್ತಿ ದೊಡ್ಡ ಆಸ್ಪತ್ರೆಗೆ ಹೋದರು. ಅಕ್ಕನಿಗೆ ರಕ್ತಸ್ರಾವ ನಿಂತಿರಲಿಲ್ಲ, ಹಾಗಾಗಿ ಅಮ್ಮ ಅವಳ ಹತ್ತಿರವೇ ಉಳಿದಳು.

ಮಗು ಉಳಿಯಿತು! ಹೆಣ್ಣು ಮಗು, ಎರಡೂ ಮನೆಗೆ ಮೊದಲ ಮೊಮ್ಮಗಳು. ದೊಡ್ಡ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಿಂದ ಹೊರಬಂದು, ನಮ್ಮ ಮನೆಯಲ್ಲಿ ಬಾಣಂತನ ನಡೆಯುವಾಗ ಅದರ ಕೆನ್ನೆ ತುಂಬಿಕೊಂಡಿತು. ಅಕ್ಕನ ಅತ್ತೆ, ಅಂದರೆ ನಮ್ಮ ಬೀಗಿತ್ತಿ, ಜ್ಞಾನಸ್ನಾನದ ತಯಾರಿಗೆ ನಿಂತರು. ಅವರದು ದೊಡ್ಡ ಬಾಯಿ, ದೊಡ್ಡ ಮನಸ್ಸು. ಕೇಕಿಗೆ ಹೇಳಿದರು, ಬಿರಿಯಾನಿಯವರಿಗೆ ಹೇಳಿದರು, ಬಿಳಿ ಫ್ರಾಕಿಗೆ ತಾವೇ ಲೇಸು ಹೊಲಿಯತೊಡಗಿದರು. ಅವರ ಮನೆಯಲ್ಲಿ ಒಂದು ಪದ್ಧತಿ: ಗುರುಗಳು ತಲೆಗೆ ನೀರು ಹಾಕುವಾಗ ಮಗು ತಂದೆಯ ತಾಯಿಯ ಕೈಯಲ್ಲಿರಬೇಕು. ಬಂದಾಗಲೆಲ್ಲ ಆ ಗಳಿಗೆಯದೇ ಮಾತು.

ಆ ದಿನಗಳ ಒಂದು ಶನಿವಾರವೇ ಅಮ್ಮ ಕ್ಯಾಪನ್ನು ಮೊದಲು ಅದ್ದಿದ್ದು. ನಾನು ನಕ್ಕೆ. ಅವಳು ನಗಲಿಲ್ಲ.

“ಆ ಮಗೂಗೆ ಇನ್ನೊಂದ್ಸಲ ನೀರು ಹಾಕೋ ಹಾಗಿಲ್ಲ ಕಣೇ,” ಎಂದಳು. “ನಾನು ಆವತ್ತೇ ಹಾಕ್ಬಿಟ್ಟಿದೀನಿ.”

ನಮ್ಮವರಲ್ಲದ ಓದುಗರಿಗೆ ಹೇಳುತ್ತೇನೆ. ಮಗುವಿನ ತಲೆಗೆ ನೀರು ಹಾಕಿ ಅದನ್ನು ಕ್ರೈಸ್ತ ಸಭೆಗೆ ಸೇರಿಸುವ ಜ್ಞಾನಸ್ನಾನ ಕೊಡುವುದು ಗುರುಗಳ, ಅಂದರೆ ಫಾದರ್ ಅವರ ಕೆಲಸ. ಆದರೆ ಮಗು ಉಳಿಯುವುದಿಲ್ಲ ಅನ್ನಿಸಿದರೆ, ಹತ್ತಿರ ಇದ್ದವರು ಯಾರೇ ಆದರೂ ಪಿತ, ಸುತ, ಪವಿತ್ರಾತ್ಮರ ಹೆಸರಲ್ಲಿ ನೀರು ಹಾಕಬಹುದು. ಅದು ಪೂರ್ತಿ ಜ್ಞಾನಸ್ನಾನವೇ. ಜೀವಮಾನಕ್ಕೆ ಅದು ಒಂದೇ ಸಲ.

ಯಾಕೆ ಯಾರಿಗೂ ಹೇಳಲಿಲ್ಲ ಅಂತ ಕೇಳಿದೆ. ಹೇಳಿದರೆ, ಮಗು ಹೋಗಿಬಿಡುತ್ತೆ ಅಂತ ತಾನೇ ಅಂದುಕೊಂಡಿದ್ದು ಅಕ್ಕನಿಗೆ ಗೊತ್ತಾಗುತ್ತಿತ್ತಂತೆ. ಬಾಣಂತಿಗೆ ಆ ಭಯ ಬೇಡ, ಹಾಲು ಬತ್ತಿಹೋಗುತ್ತೆ ಅಂತ ದಿನ ದೂಡಿದ್ದಳು. ಈಗ ಹೇಳಿದರೆ ಬೀಗಿತ್ತಿಯ ಆಸೆಗೆ ಕಲ್ಲು. ಸುಮ್ಮನಿರಮ್ಮ, ಫಾದರ್ ಇನ್ನೊಂದು ಚೊಂಬು ನೀರು ಹಾಕಿದರೆ ಏನು ಗಂಟು ಹೋಗುತ್ತೆ ಅಂದೆ.

“ಹಾಗಾದ್ರೆ ನಾನು ಆವತ್ತು ಹಾಕಿದ್ದು ಬರೀ ನೀರಾ?” ಎಂದಳು.



ಮಾರನೆಯ ದಿನ ಪೂಜೆ ಮುಗಿದ ಮೇಲೆ ಫಾದರ್ ಹತ್ತಿರ ಹೋದಳು. ಹೇಗೆ ಹಾಕಿದಿರಿ, ಏನಂದಿರಿ ಅಂತ ಅವರು ಎಲ್ಲ ಕೇಳಿ, ಸರಿಯಾಗಿದೆ, ಮತ್ತೆ ನೀರು ಬೇಡ ಅಂದರಂತೆ. ಹೆಸರು, ಪರಿಮಳ ತೈಲ, ಬಿಳಿ ಬಟ್ಟೆ, ಮೇಣದ ಬತ್ತಿ, ಇವೆಲ್ಲ ಬಾಕಿ ಇವೆ, ಚರ್ಚಿನಲ್ಲಿ ಎಲ್ಲರ ಮುಂದೆ ಮಾಡೋಣ. ಆದರೆ ನಿಮ್ಮ ಬೀಗಿತ್ತಿಗೆ ನೀವೇ ಹೇಳಬೇಕು, ನನಗೆ ಅಷ್ಟು ಧೈರ್ಯ ಇಲ್ಲ ಅಂತ ನಕ್ಕರಂತೆ.

ಬೀಗಿತ್ತಿ ಫ್ರಾಕು ಹಿಡಿದುಕೊಂಡು ಬಂದ ದಿನ ಅಮ್ಮ ಅಕ್ಕನನ್ನೂ ನಡುಮನೆಗೆ ಕರೆದಳು. ನಿಂತುಕೊಂಡೇ ಎಲ್ಲ ಹೇಳಿದಳು. ಅಕ್ಕ ತೊಡೆಯ ಮೇಲಿನ ಮಗುವನ್ನೇ ನೋಡುತ್ತಾ ಕೂತಳು. ಬೀಗಿತ್ತಿ ಫ್ರಾಕನ್ನು ಮಡಿಸಿ ಡಬ್ಬಿಗೆ ಹಾಕಿ, ಮುಚ್ಚಳ ಮುಚ್ಚಿದರು.

“ನಮ್ಮನೆ ಮಗು. ನಮ್ಮನ್ನ ಒಂದ್ ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿಮ್ಗೆ?”

ಮಗು ನೀಲಿಯಾಗಿತ್ತು ಅಂತಷ್ಟೇ ಅಂದಳು ಅಮ್ಮ.

“ಹೆಸ್ರೂ ಇಟ್ಬಿಟ್ರಾ?”

“ಇಲ್ಲ. ಹೆಸರು ಹೇಳೋ ಜಾಗದಲ್ಲಿ ‘ಮಗುವೇ’ ಅಂದೆ. ಹೆಸರು ನಿಮ್ಮನೇದು. ಅದನ್ನ ನಾನು ಮುಟ್ಲಿಲ್ಲ.”

ಅವರ ಮನೆಯಲ್ಲಿ ಮೊದಲ ಹೆಣ್ಣು ಮಗುವಿಗೆ ತಂದೆಯ ತಾಯಿಯ ಹೆಸರೇ ಇಡುವುದು. ಅಂದರೆ ಬೀಗಿತ್ತಿಯದೇ ಹೆಸರು. ಉಸಿರಿಲ್ಲದ ಮಗುವನ್ನು ಕೈಯಲ್ಲಿ ಹಿಡಿದಾಗಲೂ ಅಮ್ಮನಿಗೆ ಅದು ನೆನಪಿತ್ತು. ಬೀಗಿತ್ತಿ ಮೆಲ್ಲಗೆ ಕೇಳಿದರು, “ನೀರು ಬೆಚ್ಚಗಿತ್ತಾ?”

“ಬೆಚ್ಚಗಿತ್ತು. ಕುದಿಸಿ ಆರಿಸಿಟ್ಟಿದ್ದು.”

ಡಬ್ಬಿಯ ಮುಚ್ಚಳ ಮತ್ತೆ ತೆರೆಯಿತು. ಅಕ್ಕ ಆಗ ಬಾಯಿ ಬಿಟ್ಟಳು. “ಆವತ್ತು ನನ್ನ ಕೈ ಹಿಡ್ಕೊಂಡಾಗ ನಿನ್ನ ಬೆರಳು ಒದ್ದೆ ಇತ್ತಮ್ಮ. ನಾನು ಬೆವರು ಅಂದ್ಕೊಂಡಿದ್ದೆ.”

ಅಮ್ಮ ಅತ್ತಿದ್ದು ಅಲ್ಲೇ. ಬೀಗಿತ್ತಿಯೇ ಒಳಗೆ ಹೋಗಿ ಎಲ್ಲರಿಗೂ ಕಾಫಿ ಮಾಡಿಕೊಂಡು ಬಂದರು, ಸಕ್ಕರೆ ಮಾತ್ರ ಎರಡರಷ್ಟು.

ಈಗ ನೀವು ಕಾದಿದ್ದ ಮಾತು. ಚರ್ಚಿನಲ್ಲಿ ಮಗು ಬೀಗಿತ್ತಿಯ ಕೈಯಲ್ಲೇ ಇತ್ತು. ಹೆಸರು ಕೂಗಿದ್ದಾಯಿತು. ಫಾದರ್ ನೀರಿನ ಬಟ್ಟಲನ್ನು ಮುಟ್ಟದೆ ತೈಲಕ್ಕೆ ಕೈ ಹಾಕಿದಾಗ ಹಿಂದಿನ ಬೆಂಚುಗಳಲ್ಲಿ ಗುಸುಗುಸು ಎದ್ದಿತು. ನೀರೆಲ್ಲಿ, ಫಾದರ್ ಮರೆತರಾ ಅಂತ ಯಾರೋ ಅಂದರು. ಬೀಗಿತ್ತಿ ಮಗುವಿನ ಸಮೇತ ಹಿಂದಕ್ಕೆ ತಿರುಗಿದರು.

“ನಮ್ ಮಗೂಗೆ ನೀರು ಹುಟ್ಟಿದ್ ದಿನಾನೇ ಆಗಿದೆ. ಅವರಜ್ಜೀನೇ ಹಾಕಿದಾರೆ. ನಿಮ್ ಮನೆ ಮಕ್ಳಿಗೆ ಯಾರಾದ್ರೂ ಅಜ್ಜಿ ಹಾಕಿದ್ರೆ ಹೇಳಿ ನೋಡೋಣ.”

ಫಾದರ್ ಕೂಡ ನಗು ತಡೆಯಲಾಗದೆ ಪುಸ್ತಕದಲ್ಲಿ ಮುಖ ಮುಚ್ಚಿಕೊಂಡರು. ಅಮ್ಮ ತಲೆ ತಗ್ಗಿಸಿ ಸೆರಗು ಸರಿಮಾಡಿಕೊಂಡಳು. ಆಮೇಲೆ ಮೇಣದ ಬತ್ತಿ ಹಿಡಿಯುವ ಸರದಿ ಬಂದಾಗ ಬೀಗಿತ್ತಿ ಅವಳನ್ನು ತೋಳು ಹಿಡಿದು ಮುಂದಕ್ಕೆ ಎಳೆದುಕೊಂಡರು.

ಅಮ್ಮ ಈಗಿಲ್ಲ. ಪೀಠದ ಬಟ್ಟೆ ನನ್ನ ಪಾಲಿಗೆ ಬಂದಿದೆ. ಗಂಜಿ ಇನ್ನೂ ಒಂದೊಂದು ಸಲ ಗಂಟಾಗುತ್ತೆ. ಆ ಮಗು ಓಡಾಡೋಕೆ ಕಲಿತ ಮೇಲೆ ಚರ್ಚಿನ ಅಂಗಳದಲ್ಲಿ ಬೀಗಿತ್ತಿ ತಮ್ಮದೇ ಹೆಸರನ್ನು ಕೂಗುತ್ತಾ ಅದರ ಹಿಂದೆ ಓಡುತ್ತಿದ್ದದ್ದು ಇನ್ನೂ ಕಣ್ಣ ಮುಂದಿದೆ.

ನಿಮ್ಮ ಮನೆಯಲ್ಲೂ ಯಾರಾದರೂ ಇಂಥ ಗಳಿಗೆಯಲ್ಲಿ ಮಾಡಿದ್ದನ್ನು ಮನಸ್ಸಲ್ಲೇ ಇಟ್ಟುಕೊಂಡು ಕೊನೆಗೆ ಹೇಳಿದ್ದು ಉಂಟಾ? ಕೇಳಿದವರು ಏನಂದರು? ಬರೆದು ಕಳಿಸಿ. ನಾನಂತೂ ಓದೋಕೆ ಕಾಯುತ್ತಿರುತ್ತೇನೆ.